ಒಲೆ ಹಚ್ಚದ ಅಡುಗೆಯವಳು

ನಾನು ಬಿಟ್ಟ ಕೆಲಸಕ್ಕೆ ಮುಂದಿನ ಸೋಮವಾರದಿಂದ ಚೈತ್ರಾ ಸೇರುತ್ತಾಳೆ. ಪಿಯಾರಾ ವಾಟರ್ಸ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವ ಹುಡುಗಿ. ಮದುವೆಯಾಗಿ ಪರ್ತ್‌ಗೆ ಬಂದು ಒಂದು ವರ್ಷವಾಗಿದೆ. ಮೊನ್ನೆ ಕಾಫಿಗೆ ಬಂದವಳು, "ಅಡುಗೆ ಕೆಲಸ ತಾನೇ ಆಂಟಿ? ಯೂಟ್ಯೂಬ್ ಇದೆ, ಮ್ಯಾನೇಜ್ ಮಾಡ್ಬಿಡ್ತೀನಿ" ಅಂದಳು.

"ಒಲೆ ಹಚ್ಚೋಕೆ ಬರುತ್ತಾ?" ಅಂತ ಕೇಳಿದೆ.

"ಅಯ್ಯೋ, ಬರುತ್ತೆ ಆಂಟಿ!"

"ಅದನ್ನ ಮೊದಲು ಮರೆತುಬಿಡು."

ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಹದಿನಾಲ್ಕು ವರ್ಷ ಯಹೂದಿ ರಬ್ಬಿಗಳ, ಅಂದರೆ ಅವರ ಧರ್ಮಗುರುಗಳ, ಮನೆಗಳಲ್ಲಿ ಅಡುಗೆ ಮಾಡಿದ್ದೇನೆ. ಮೊದಲು ಅಡಿಲೇಡ್, ಆಮೇಲೆ ಬ್ರಿಸ್ಬೇನ್, ಕೊನೆಗೆ ಇಲ್ಲಿ ಪರ್ತ್. ಅಷ್ಟೂ ವರ್ಷಗಳಲ್ಲಿ ನಾನು ಒಲೆ ಹಚ್ಚಿದ್ದು ಒಂದೇ ಒಂದು ಸಲ. ಆ ಒಂದು ಸಲ ಏನಾಯಿತು ಎಂಬುದನ್ನು ಬಾಯಲ್ಲಿ ಹೇಳಲು ಹೋದರೆ ಇವಳು ಮಧ್ಯೆ ಫೋನ್ ನೋಡುತ್ತಾಳೆ. ಅದಕ್ಕೇ ಬರೆದುಕೊಡುತ್ತಿದ್ದೇನೆ. ಓದಲು ಬೇಸರವಾದರೆ ಕಾಫಿ ಮಾಡಿಕೊಂಡು ಕೂತುಕೋ ಚೈತ್ರಾ, ಚಿಕ್ಕದಾಗಿ ಹೇಳುವುದು ನನಗೆ ಬರುವುದಿಲ್ಲ.

ಮೊದಲು ಇದು ಎಂಥ ಮನೆ ಎಂದು ತಿಳಿದುಕೋ. ಯಹೂದಿಗಳು ಕಡಿಮೆ ಇರುವ ಊರುಗಳಿಗೆ ರಬ್ಬಿ, ಅವರ ಹೆಂಡತಿ ಇಬ್ಬರೂ ಹೊರಟು ಬಂದು, ಬಾಳೆಲ್ಲ ಅಲ್ಲೇ ಕಳೆಯಬೇಕೆಂದು ಮನೆ ಹೂಡುತ್ತಾರೆ. ಕೆಲಸ ಏನೆಂದರೆ ಬಾಗಿಲು ತೆರೆದಿಡುವುದು. ಜೋಹಾನ್ಸ್‌ಬರ್ಗ್‌ನಿಂದ ಬಂದ ಎಂಜಿನಿಯರ್, ಅರ್ಜೆಂಟೀನಾದಿಂದ ಬಂದ ಡಾಕ್ಟರ್, ಟೆಲ್ ಅವೀವ್‌ನ ಕೋಡಿಂಗ್ ಹುಡುಗಿ, ಹೀಗೆ ಒಬ್ಬೊಬ್ಬರೇ ಅಪಾರ್ಟ್‌ಮೆಂಟಿನಲ್ಲಿ ನೂಡಲ್ಸ್ ತಿಂದುಕೊಂಡು ಇರುವ ತಮ್ಮವರನ್ನು ಹುಡುಕಿ, ಶುಕ್ರವಾರ ಸಂಜೆ ಶಬ್ಬತ್ ಊಟಕ್ಕೆ, ಅಂದರೆ ಅವರ ವಾರದ ವಿಶ್ರಾಂತಿ ದಿನದ ಮೊದಲ ಊಟಕ್ಕೆ, ಕರೆಯುತ್ತಾರೆ. ಬಂದವರಲ್ಲಿ ಮುಕ್ಕಾಲು ಮಂದಿಗೆ ಪ್ರಾರ್ಥನೆ ಬರುವುದಿಲ್ಲ. ಪರವಾಗಿಲ್ಲ, ಹಸಿವು ಬರುತ್ತದೆ. ಅಲ್ಲಿಂದ ಶುರು.

ನಾನು ಸೇರಿದಾಗ ಮೈಸೂರಿನ ನನ್ನ ತಂಗಿ ಫೋನ್ ಮಾಡಿ, "ಅಕ್ಕಾ, ನಿನ್ನನ್ನ ಮತಾಂತರ ಮಾಡಿಬಿಟ್ರೆ?" ಅಂತ ಗಾಬರಿಯಾಗಿದ್ದಳು. ನಾನದನ್ನು ನೇರವಾಗಿ ಅಡಿಲೇಡ್ ಮನೆಯ ಹಿರಿಯ ರಬ್ಬಿಯನ್ನೇ ಕೇಳಿದೆ. ಅವರು ಗಡ್ಡ ನೀವಿಕೊಂಡು ಗಂಭೀರವಾಗಿ, "ಸರೋಜಾ, ನೀವೇ ಬಂದು ಸೇರಿಸಿಕೊಳ್ಳಿ ಅಂತ ಬೇಡಿಕೊಂಡರೂ ನಾನು ಮೂರು ಸಲ ವಾಪಸ್ ಕಳಿಸಬೇಕು. ಅದು ನಮ್ಮ ಪದ್ಧತಿ. ಅಷ್ಟರಲ್ಲಿ ಸಾರು ತಣ್ಣಗಾಗುತ್ತದೆ" ಅಂದರು. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ. ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ಅಡಿಲೇಡ್‌ಗೆ ನಾವು ಬಂದದ್ದು ನನ್ನ ಯಜಮಾನರ ಕೆಲಸಕ್ಕಾಗಿ. ಅವರು ಮಾಡ್ಬರಿಯ ಆಸ್ಪತ್ರೆಯ ಲ್ಯಾಬಿನಲ್ಲಿದ್ದರು. ಮೈಸೂರಿನಲ್ಲಿ ನಮ್ಮತ್ತೆ ನಡೆಸುತ್ತಿದ್ದ ಮೆಸ್ಸಿನಲ್ಲಿ ದಿನಕ್ಕೆ ಅರವತ್ತು ಊಟ ಇಳಿಸಿದ ಕೈ ನನ್ನದು. ಇಲ್ಲಿ ಇಬ್ಬರಿಗೆ ಅಡುಗೆ ಮಾಡಿ, ಕಿಟಕಿಯಲ್ಲಿ ಕೂತು ಪಕ್ಕದ ಮನೆಯವರ ಹುಲ್ಲು ಬೆಳೆಯುವುದನ್ನು ನೋಡುವುದು ಎಂದರೆ ಹುಚ್ಚು ಹಿಡಿಯುವ ಹಾಗಾಗಿತ್ತು. ಯಜಮಾನರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಯಹೂದಿ ಡಾಕ್ಟರ್, "ನಮ್ಮ ರಬ್ಬಿಯ ಹೆಂಡತಿಗೆ ಕೈಜೋಡಿಸುವವರು ಬೇಕಂತೆ" ಎಂದು ಹೇಳಿದ್ದೇ ತಡ, ಹೊರಟೆ.

ರಬ್ಬಿಯ ಹೆಂಡತಿ ರಿವ್ಕಾ. ಕುಳ್ಳಗಿನ ಹೆಂಗಸು, ಎಂಟು ಮಕ್ಕಳ ತಾಯಿ, ಧ್ವನಿ ಮಾತ್ರ ಸೇನೆ ನಡೆಸುವವರದು. ಮೊದಲ ದಿನವೇ ಮೂರು ಬಣ್ಣದ ಟೇಪು ತೋರಿಸಿದರು. ಕೆಂಪು ಸುತ್ತಿದ ಪಾತ್ರೆ, ಸೌಟು, ಚಾಕು ಮಾಂಸಕ್ಕೆ. ನೀಲಿ ಹಾಲು ಮೊಸರಿಗೆ, ಎರಡೂ ಒಂದಕ್ಕೊಂದು ತಾಗಬಾರದು. ಹಸಿರು ಎರಡೂ ಅಲ್ಲದ್ದಕ್ಕೆ. ಸಿಂಕ್ ಎರಡು, ಒರೆಸುವ ಬಟ್ಟೆ ಎರಡು ಬಗೆ. ನಾನು ಸಸ್ಯಾಹಾರಿ ಎಂದೆ. "ಒಳ್ಳೆಯದಾಯಿತು, ಕೋಳಿ ನನಗೆ, ಮಿಕ್ಕಿದ್ದು ನಿನಗೆ" ಎಂದು ಅಲ್ಲೇ ಒಪ್ಪಂದವಾಯಿತು.

ಎಲ್ಲರೂ ಈ ನಿಯಮ ಕೇಳಿ ತಲೆ ತಿರುಗುತ್ತದೆ ಅನ್ನುತ್ತಾರೆ. ನನಗೆ ತಿರುಗಲಿಲ್ಲ. ನಮ್ಮತ್ತೆಯ ಮುಸುರೆ ಕಾನೂನಿನ ಕೆಳಗೆ ಇಪ್ಪತ್ತು ವರ್ಷ ಬಾಳಿದವಳಿಗೆ ಮೂರು ಬಣ್ಣದ ಟೇಪು ಯಾವ ಲೆಕ್ಕ? ಅನ್ನ ಮುಟ್ಟಿದ ಕೈಯಲ್ಲಿ ಮೊಸರಿನ ಗಡಿಗೆ ಮುಟ್ಟಿದರೆ ಅತ್ತೆ ನೋಡುವ ನೋಟ ರಿವ್ಕಾಗೆ ಇನ್ನೂ ಬಂದಿರಲಿಲ್ಲ. ಲೆಟಿಸ್ ಎಲೆಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಹುಳ ಹುಡುಕಬೇಕು ಎಂದಾಗ ನನಗೆ ಖುಷಿಯೇ ಆಯಿತು. ಈ ದೇಶದಲ್ಲಿ ಹುಳ ಬಿದ್ದರೆ ಬೇಜಾರು ಮಾಡಿಕೊಳ್ಳುವ ಇನ್ನೊಂದು ಮನೆ ಇದೆಯಲ್ಲ ಎನಿಸಿತು.

ತಲೆ ತಿರುಗಿದ್ದು ಒಲೆಯ ವಿಷಯಕ್ಕೆ. ಯಹೂದಿ ಅಲ್ಲದವರು ತಾವೇ ಬೆಂಕಿ ಹಚ್ಚಿ ಬೇಯಿಸಿದ್ದನ್ನು ಅವರು ಉಣ್ಣುವಂತಿಲ್ಲ. ಮನೆಯವರಲ್ಲಿ ಒಬ್ಬರು ಒಲೆ ಹಚ್ಚಿಕೊಟ್ಟರೆ ಸಾಕು, ಮುಂದಿನದೆಲ್ಲ ನಾನು ಮಾಡಬಹುದು. ಹೆಚ್ಚುವುದು, ಹುರಿಯುವುದು, ಕುದಿಸುವುದು, ರುಚಿ ನೋಡುವುದು, ಬೈಯುವುದು, ಎಲ್ಲ. ಬೆಂಕಿ ಮಾತ್ರ ಅವರದು. ಮೊದಲ ವಾರ ದಿನಕ್ಕೆ ಹತ್ತು ಸಲ "ರಿವ್ಕಾ, ಒಲೆ!" ಎಂದು ಕೂಗುತ್ತಿದ್ದೆ. ಆಕೆ ಮಗುವಿಗೆ ಹಾಲು ಕುಡಿಸುತ್ತಿದ್ದರೂ ಎದ್ದು ಬಂದು ಹಚ್ಚಿ ಹೋಗುತ್ತಿದ್ದರು. ಒಂದು ದಿನವೂ ಮುಖ ಗಂಟು ಹಾಕಲಿಲ್ಲ.

ತಪ್ಪು ಮಾಡಲಿಲ್ಲವೇ? ಮಾಡಿದೆ. ಎರಡನೇ ತಿಂಗಳಲ್ಲಿ ಕೆಂಪು ಟೇಪಿನ ದೊಡ್ಡ ಪಾತ್ರೆಯಲ್ಲಿ ಬೇಳೆ ಬೇಯಿಸಿ, ಸಂತೋಷ ತಡೆಯಲಾರದೆ ಮನೆಯಿಂದ ತಂದ ತುಪ್ಪದಲ್ಲಿ ಇಂಗಿನ ಒಗ್ಗರಣೆ ಕೊಟ್ಟೆ. ಘಮ ಘಮ ಎಂದಿತು. ರಿವ್ಕಾ ಮೂಗು ಅರಳಿಸಿಕೊಂಡು ಬಂದವರು, "ಇದು ಎಣ್ಣೆ ತಾನೇ?" ಅಂದರು. ಮಾಂಸದ ಪಾತ್ರೆಗೆ ಹಾಲಿನ ಕೊಬ್ಬು! ಬೇಳೆ ನಮ್ಮ ಮನೆಗೆ ಬಂತು. ಪಾತ್ರೆ ಒಂದು ಹಗಲು ಒಂದು ರಾತ್ರಿ ಯಾರೂ ಮುಟ್ಟದೆ ಮೂಲೆಯಲ್ಲಿ ಕೂತು, ಆಮೇಲೆ ಕುದಿನೀರಿನ ಸ್ನಾನ ಮಾಡಿ ಒಳಗೆ ಬಂತು. ರಿವ್ಕಾ ಬೈಯಲಿಲ್ಲ. ಇಂಗಿನ ಡಬ್ಬಿ ಎತ್ತಿ ಮೂಸಿ, "ಎಣ್ಣೆಯಲ್ಲಿ ಹಾಕಿದರೂ ಇದೇ ವಾಸನೆ ಬರುತ್ತದಾ?" ಎಂದು ಕೇಳಿದರು. ಮುಂದಿನ ಶುಕ್ರವಾರದಿಂದ ಅವರ ಮೇಜಿನ ಮೇಲೆ ಬೇಳೆ ಸಾರು ಕಾಯಂ ಆಯಿತು.

ಇನ್ನೊಂದು ಪೆದ್ದುತನ ಬಾಗಿಲಿನದು. ರಿವ್ಕಾ ಮನೆಯಲ್ಲಿ ಇಲ್ಲದಾಗ ರಬ್ಬಿ ಏನಾದರೂ ತೆಗೆದುಕೊಳ್ಳಲು ಒಳಗೆ ಬಂದರೆ ಬೀದಿ ಬಾಗಿಲನ್ನು ಹಾರು ಹೊಡೆದು ಬಿಡುತ್ತಿದ್ದರು. ಜುಲೈ ತಿಂಗಳ ಅಡಿಲೇಡ್ ಚಳಿ. ನಾನು ಹೋಗಿ ಮುಚ್ಚುವೆ. ಅವರು ಬಂದು ತೆರೆಯುವರು. ನಾನು ಮುಚ್ಚುವೆ. ಒಂದು ವಾರ ಈ ಆಟ ನಡೆಯಿತು. ಇವರಿಗೆ ಚಳಿಯೇ ಆಗುವುದಿಲ್ಲವೇ ಎಂದು ಕೊನೆಗೆ ರಿವ್ಕಾಳನ್ನು ಕೇಳಿದೆ. ಪರಹೆಂಗಸಿನ ಜೊತೆ ಮುಚ್ಚಿದ ಬಾಗಿಲಿನ ಒಳಗೆ ಗಂಡಸು ಇರಬಾರದು ಎಂಬುದು ಅವರ ನಿಯಮವಂತೆ. ಪಾಪ, ನಾನು ಮುಚ್ಚಿದಾಗಲೆಲ್ಲ ಆ ಮನುಷ್ಯ ಎಷ್ಟು ಬೆವರಿರಬೇಕು! ಮರುದಿನದಿಂದ ನಾನು ಎರಡು ಸ್ವೆಟರ್ ಹಾಕಿಕೊಂಡೆ. ಹೆಂಗಸರ ಕೈ ಕುಲುಕುವಂತಿಲ್ಲ ಎಂಬ ಅವರ ಇನ್ನೊಂದು ತೊಂದರೆಗೆ ನನ್ನ ಹತ್ತಿರ ಮದ್ದಿತ್ತು. ಎರಡು ಕೈ ಜೋಡಿಸುವುದನ್ನು ಕಲಿಸಿಕೊಟ್ಟೆ. ಅಲ್ಲಿಂದ ಮುಂದೆ ಆ ಮನೆಯ ಬಾಗಿಲಲ್ಲಿ ಬ್ಯಾಂಕಿನ ಆಸ್ಟ್ರೇಲಿಯನ್ ಮೇಡಂ ಬಂದರೂ ರಬ್ಬಿ ನಮಸ್ಕಾರ ಮಾಡುತ್ತಿದ್ದರು.

ಸೆಕೆಯ ಕತೆ ಇದಕ್ಕಿಂತ ಚೆನ್ನಾಗಿದೆ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಅವರು ಒಲೆ ಹಚ್ಚುವುದಿಲ್ಲ, ಸ್ವಿಚ್ ಮುಟ್ಟುವುದಿಲ್ಲ. ನನಗೆ "ಹಾಕು" ಎಂದು ಹೇಳುವಂತೆಯೂ ಇಲ್ಲ. ಒಂದು ಬೇಸಿಗೆ ಎಸಿ ಹಾಕುವುದನ್ನು ಮರೆತೇಬಿಟ್ಟರು. ಹದಿನೆಂಟು ಜನ ಅತಿಥಿಗಳು, ಹೊರಗೆ ಕಾವಲಿ ಕಾದಂತೆ ಕಾದ ಊರು. ರಬ್ಬಿ ಅಡುಗೆಮನೆಗೆ ಬಂದು, "ಇವತ್ತು ಸ್ವಲ್ಪ ಸೆಕೆ" ಅಂದರು. "ಹೌದು ರಬ್ಬಿ, ನಾಳೆ ಇನ್ನೂ ಜಾಸ್ತಿಯಂತೆ" ಅಂದೆ. ಹೋದರು. ಮತ್ತೆ ಬಂದು, "ನಿಮಗೆ ಸೆಕೆ ಆಗುತ್ತಿಲ್ಲವೇ ಸರೋಜಾ?" ಅಂದರು. "ಮೆಸ್ಸಿನಲ್ಲಿ ಸೌದೆ ಒಲೆ ಮುಂದೆ ನಿಂತವಳು ನಾನು, ಇದೇನು ಮಹಾ!" ಎಂದು ಜಂಬ ಕೊಚ್ಚಿಕೊಂಡೆ. ಮೂರನೇ ಸಲ ಅವರು ಏನೂ ಅನ್ನದೆ ಎಸಿಯ ಕೆಳಗೆ ನಿಂತು ನಿಟ್ಟುಸಿರು ಬಿಟ್ಟು ಹೋದರು. ಕೋಸಂಬರಿ ಬಡಿಸಲು ಹೋದ ನನಗೇ ಕೊನೆಗೆ ತಡೆಯಲಾಗದೆ ನನ್ನ ಸುಖಕ್ಕೆಂದು ಸ್ವಿಚ್ ಒತ್ತಿದೆ. ಹದಿನೆಂಟು ಜನರೂ ಹಾಡು ಶುರು ಮಾಡಿದರು. ಚೈತ್ರಾ, ಯಾರಾದರೂ ನಿನ್ನ ಮುಂದೆ ನಿಂತು ಹವಾಮಾನ ಮಾತಾಡಿದರೆ ಗೋಡೆ ಕಡೆ ನೋಡು.

ನಾನು ಸೇರಿದ ಕಾಲಕ್ಕೂ ಈಗಿನ ಕಾಲಕ್ಕೂ ಅಜಗಜಾಂತರ. ಹಿರಿಯ ರಬ್ಬಿ ಟೆಲಿಫೋನ್ ಡೈರೆಕ್ಟರಿ ತೆಗೆದು, ಯಹೂದಿ ಹೆಸರಿನ ಹಾಗೆ ಕಂಡವರಿಗೆಲ್ಲ ಫೋನ್ ಮಾಡುತ್ತಿದ್ದರಂತೆ. ಒಂದು ಸಲ ಹಾಗೆ ಕರೆಸಿಕೊಂಡ ಮನುಷ್ಯ ಎರಡು ತಿಂಗಳು ಶುಕ್ರವಾರ ಬಂದು ಉಂಡು, ಆಮೇಲೆ ತಾನು ಜರ್ಮನ್ ಲುಥೆರನ್ ಎಂದು ಒಪ್ಪಿಕೊಂಡ. ಊಟ ಚೆನ್ನಾಗಿತ್ತು, ಹೇಳಲು ಮನಸ್ಸು ಬರಲಿಲ್ಲ ಅಂದ. ಅವನನ್ನು ಆಮೇಲೂ ಕರೆಯುತ್ತಿದ್ದರು. ಈಗ ಎಲ್ಲ ವಾಟ್ಸಾಪ್ ಗುಂಪು. ಪರ್ತ್‌ನಲ್ಲಿ ರಿವ್ಕಾಳ ದೊಡ್ಡ ಮಗನ ಮನೆಗೆ ಬರುವ ಹುಡುಗರು, "ಗ್ಲುಟನ್ ಆಗಲ್ಲ, ನಟ್ಸ್ ಆಗಲ್ಲ, ವೀಗನ್" ಎಂದು ಮೊದಲೇ ಪಟ್ಟಿ ಕಳಿಸುತ್ತಾರೆ. ಮೊದಲು ಇಡೀ ಮೇಜಿನಲ್ಲಿ ಮಾಂಸ ತಿನ್ನದವಳು ನಾನೊಬ್ಬಳೇ ಎಂದು ಎಲ್ಲರೂ ಅಯ್ಯೋ ಪಾಪ ಅನ್ನುತ್ತಿದ್ದರು. ಈಗ ನಾನೇ ಫ್ಯಾಷನ್.

ಇನ್ನು ಬ್ರಿಸ್ಬೇನ್. ಆ ಒಂದು ಸಲ ಒಲೆ ಹಚ್ಚಿದ್ದು ಅಲ್ಲೇ.

ರಿವ್ಕಾಳ ಮಗಳು ಶೈನಾ ಮತ್ತು ಅಳಿಯ ಲೇವಿ ಮದುವೆಯಾಗಿ ವರ್ಷದೊಳಗೆ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಮನೆ ಹೂಡಿದರು. ಸುತ್ತ ಆಫೀಸು, ಅಪಾರ್ಟ್‌ಮೆಂಟು, ಪಬ್ಬು. ಕೆಲಸಕ್ಕೆ ಬಂದ ವಯಸ್ಸಿನ ಹುಡುಗ ಹುಡುಗಿಯರೆಲ್ಲ ಅಲ್ಲೇ ಇರುವುದು, ಅವರಿಗಾಗಿಯೇ ಮೇಜು ಹಾಕಬೇಕೆಂದು ಅವರ ಆಸೆ. ನನ್ನ ಯಜಮಾನರು ತೀರಿಕೊಂಡು ಆರು ತಿಂಗಳಾಗಿತ್ತು. ಮಾಡ್ಬರಿಯ ಮನೆ ನನ್ನನ್ನು ನುಂಗುತ್ತಿತ್ತು. ರಿವ್ಕಾ ಬಂದು, "ನನ್ನ ಮಗಳಿಗೆ ಅಡುಗೆ ಬರುವುದಿಲ್ಲ, ನಿನಗೆ ಒಬ್ಬಳೇ ಇರಲು ಬರುವುದಿಲ್ಲ. ಹೋಗು" ಅಂದರು. ಹೋದೆ. ನಾನು ಬದುಕಿಕೊಂಡದ್ದು ಆ ಒಂದು ಮಾತಿನಿಂದ.

ಲೇವಿಯೂ ರಬ್ಬಿಯೇ, ಒಳ್ಳೆಯ ಹುಡುಗ, ಇಪ್ಪತ್ತಾರರ ಪ್ರಾಯ, ಗಡ್ಡ ಇನ್ನೂ ಪೂರ್ತಿ ತುಂಬಿರಲಿಲ್ಲ. ವಾರವಾರ ಆರೋ ಏಳೋ ಜನ ಬರುತ್ತಿದ್ದರು. ಅವರಲ್ಲಿ ಎಫ್ರಾಯಿಮ್ ಎಂಬ ಸೇತುವೆ ಎಂಜಿನಿಯರ್ ಒಬ್ಬ, ಲಂಡನ್ನಿನವನು. ಮಿಕ್ಕವರಿಗೆ ನಿಯಮ ಗೊತ್ತಿರಲಿಲ್ಲ. ಇವನಿಗೆ ಲೇವಿಗಿಂತ ಹೆಚ್ಚು ಗೊತ್ತಿತ್ತು. ಪ್ರತಿ ಶುಕ್ರವಾರ ಬರುವನು, ಎಲ್ಲರ ಜೊತೆ ಹಾಡುವನು, ಆದರೆ ಊಟಕ್ಕೆ ತನ್ನದೇ ಪ್ಲಾಸ್ಟಿಕ್ ಡಬ್ಬಿ ತೆರೆಯುವನು. ನಾನು ತೊಳೆದ ಲೆಟಿಸ್ ಕೂಡ ಮುಟ್ಟುತ್ತಿರಲಿಲ್ಲ. ನಮ್ಮವಳಲ್ಲದ ಹೆಂಗಸು ದಿನವಿಡೀ ಒಬ್ಬಳೇ ನೋಡಿಕೊಳ್ಳುವ ಅಡುಗೆಮನೆ, ಏನಾದರೂ ಹೆಚ್ಚುಕಮ್ಮಿ ಆದರೆ ಯಾರಿಗೆ ಗೊತ್ತು ಎಂಬುದು ಅವನ ಅನುಮಾನ. ಒರಟಾಗಿ ಏನೂ ಹೇಳಿದವನಲ್ಲ. ನಾನು ಪಾತ್ರೆ ಹಿಡಿದು ಬಂದರೆ ನಗುತ್ತಾ ತಟ್ಟೆಯ ಮೇಲೆ ಕೈ ಅಡ್ಡ ಇಡುತ್ತಿದ್ದ. ಆ ಕೈ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಅವನು ತಿನ್ನದ್ದನ್ನು ನೋಡಿ ಇನ್ನಿಬ್ಬರು ಮೂವರು ಕೂಡ ಹಿಂದೆಮುಂದೆ ನೋಡತೊಡಗಿದ್ದರು. ಲೇವಿಗೆ ಅದೇ ಕೊರಗು. ಮನೆಗೆ ಬಂದವರು ಅನ್ನ ನಂಬದಿದ್ದರೆ ಮಾತನ್ನು ಹೇಗೆ ನಂಬುತ್ತಾರೆ ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದ.

ಆ ಚಳಿಗಾಲದಲ್ಲಿ ಮೊದಲ ದೊಡ್ಡ ಊಟ ಇಟ್ಟರು. ಮೂವತ್ತೆರಡು ಜನ ಬರುತ್ತೇವೆಂದು ಹೇಳಿದ್ದರು. ಈ ಊಟ ಚೆನ್ನಾಗಿ ಆದರೆ ಮನೆ ನಿಂತಂತೆ, ಇಲ್ಲದಿದ್ದರೆ ಅವರು ಇನ್ನೊಮ್ಮೆ ಬರುವವರಲ್ಲ. ಬಾಡಿಗೆಗೆ ಒಂದು ಹಾಲ್ ಹಿಡಿದೆವು. ಒಳಗಿನ ಅಡುಗೆಮನೆ ಚಿಕ್ಕದು. ಶೈನಾ ಅಲ್ಲಿಯ ಓವನ್‌ಗೆ ಕೋಳಿ ಇಟ್ಟು, ಒಲೆ ಹಚ್ಚಿಕೊಟ್ಟಳು. ಅದರ ಮೇಲೆ ನಾನು ಕ್ಯಾರೆಟ್ಟು, ದ್ರಾಕ್ಷಿ, ಜೇನುತುಪ್ಪದ ಸಿಹಿ ಪಲ್ಯ ಬೇಯಲು ಇಟ್ಟೆ. ಹಿಂದಿನ ಬಾಲ್ಕನಿಯಲ್ಲಿ ಒಂದೇ ಸಿಲಿಂಡರಿಗೆ ಸೇರಿಸಿದ ದೊಡ್ಡ ಒಲೆಗಳೆರಡು. ಒಂದರ ಮೇಲೆ ಕಡಲೆಕಾಳು ಆಲೂಗಡ್ಡೆ ಸಾಗು, ಇನ್ನೊಂದರ ಮೇಲೆ ಅನ್ನ. ಲೇವಿ ಅವೆರಡನ್ನೂ ಹಚ್ಚಿಕೊಟ್ಟು ಐಸು ತರಲು ಹೋದ. ಶೈನಾ ತನ್ನ ಎಳೆ ಮಗುವನ್ನು ಮಲಗಿಸಲು ಮನೆಗೆ ಹೋದಳು. ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಬ್ರಿಸ್ಬೇನ್ ಚಳಿಗಾಲದಲ್ಲಿ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಅಷ್ಟರಲ್ಲಿ ಬೇಯುವುದೆಲ್ಲ ಬೆಂದಿರಬೇಕು.

ಹತ್ತು ನಿಮಿಷವಾಗಿರಬಹುದು. ಬಾಲ್ಕನಿಯ ಎರಡೂ ಒಲೆ ಪಕಪಕ ಎಂದು ಆರಿದವು. ಸಿಲಿಂಡರ್ ಖಾಲಿ.

ಚೈತ್ರಾ, ಅರವತ್ತು ಊಟ ಇಳಿಸಿದವಳಿಗೆ ಸಿಲಿಂಡರ್ ಖಾಲಿಯಾದರೆ ಏನಾಗುತ್ತದೆ ಗೊತ್ತಾ? ತಲೆ ನಿಂತುಹೋಗಿ ಕೈ ಓಡುತ್ತದೆ. ಪಕ್ಕದಲ್ಲಿದ್ದ ತುಂಬಿದ ಸಿಲಿಂಡರ್ ಉರುಳಿಸಿದೆ, ರೆಗ್ಯುಲೇಟರ್ ಬಿಗಿದೆ, ಸೋಪಿನ ನೀರು ಹಚ್ಚಿ ಸೋರುವುದಿಲ್ಲ ಎಂದು ನೋಡಿದೆ, ಡ್ರಾಯರ್‌ನಲ್ಲಿದ್ದ ಲೈಟರ್ ತಂದು ಎರಡೂ ಒಲೆ ಹಚ್ಚಿದೆ. ಮೂರು ನಿಮಿಷದ ಕೆಲಸ. ಈ ವಯಸ್ಸಿನಲ್ಲೂ ಕೈ ಹೇಗೆ ನಡೆಯುತ್ತದೆ ನೋಡು ಎಂದು ನನಗೆ ನಾನೇ ಶಭಾಶ್ ಹೇಳಿಕೊಂಡೆ. ಸಾಗು ಅದ್ಭುತವಾಗಿ ಬಂತು. ಅನ್ನ ಉದುರುದುರಾಗಿ ಅರಳಿತು. ಎರಡನ್ನೂ ಇಳಿಸಿ, ಮುಚ್ಚಿ, ಏಪ್ರನ್‌ಗೆ ಕೈ ಒರೆಸಿಕೊಂಡಾಗ ಜೇಬಿನಲ್ಲಿ ಲೈಟರ್ ತಗುಲಿತು.

ಎರಡೂ ಒಲೆ ಹಚ್ಚಿದ್ದು ನಾನೇ! ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ.

ಯಾರೂ ನೋಡಿರಲಿಲ್ಲ. ಹಾಲ್‌ನಲ್ಲಿ ನನ್ನನ್ನು ಬಿಟ್ಟು ನರಪಿಳ್ಳೆ ಇರಲಿಲ್ಲ. ನಿಜ ಹೇಳುತ್ತೇನೆ, ಅವರ ಈ ಬೆಂಕಿಯ ನಿಯಮದಲ್ಲಿ ನನಗೆ ಆಗಲೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಯಾರು ಹಚ್ಚಿದರೂ ಬೆಂಕಿ ಬೆಂಕಿಯೇ. ಹೇಳದೆ ಇದ್ದರೆ ಮೂವತ್ತೆರಡು ಜನ ಹೊಟ್ಟೆ ತುಂಬ ಉಂಡು ಹೋಗುತ್ತಾರೆ, ಲೇವಿಯ ಮನೆ ನಿಲ್ಲುತ್ತದೆ. ಹೇಳಿದರೆ ಎಲ್ಲ ಹಾಳು, ಎಫ್ರಾಯಿಮ್‌ನ ಅನುಮಾನವೇ ನಿಜವಾದಂತೆ, ನನ್ನ ಹೆಸರಿಗೂ ಮಸಿ.

ಆಗ ನೆನಪಾದದ್ದು ಮಾಡ್ಬರಿಯಲ್ಲಿ ಪಕ್ಕದ ಮನೆಯವರ ಬಾರ್ಬಿ, ಅಂದರೆ ಹಿತ್ತಲಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನುವ ಊಟ. ಪ್ರೀತಿಯಿಂದ ಕರೆದು, ನನಗೆಂದೇ ತರಕಾರಿ ಕಟ್ಲೆಟ್ ಸುಟ್ಟುಕೊಟ್ಟಿದ್ದರು. ನಾನು ತಿಂದು ಮುಗಿಸಿದ ಮೇಲೆ ಆ ಮನುಷ್ಯ ನಗುತ್ತಾ, ದನದ ಮಾಂಸ ತಿರುವಿದ ಇಕ್ಕಳದಲ್ಲೇ ತಿರುವಿದ್ದೆ, ಏನೂ ಆಗಲಿಲ್ಲ ನೋಡು ಅಂದಿದ್ದ. ಏನೂ ಆಗಲಿಲ್ಲ, ನಿಜ. ಆದರೆ ಅವತ್ತು ನಾನು ಬಚ್ಚಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಿದ್ದೆ. ಆ ಮನುಷ್ಯನ ಹಾಗೆ ನಾನು ಆಗಬಾರದು ಅನಿಸಿತು.

ಲೇವಿ ಎರಡೂ ಕೈಯಲ್ಲಿ ಐಸಿನ ಚೀಲ ಹಿಡಿದು ಬಂದ. ಬಾಲ್ಕನಿಯ ಬಾಗಿಲಲ್ಲೇ ಹೇಳಿಬಿಟ್ಟೆ. ಅವನ ಮುಖ ಬಿಳಿಚಿತು. ಚೀಲ ಕೆಳಗಿಟ್ಟು ಕೇಳಿದ. "ಒಲೆ ಆರಿದಾಗ ಎಷ್ಟು ಬೆಂದಿತ್ತು ಸರೋಜಾ? ನಾನು ಹಚ್ಚಿದ ಬೆಂಕಿಯಲ್ಲಿ ಮೂರರಲ್ಲಿ ಒಂದು ಪಾಲು ಬೆಂದಿದ್ದರೆ ಸಾಕು. ಆಮೇಲೆ ನೀವು ಹಚ್ಚಿದರೂ ತೊಂದರೆ ಇಲ್ಲ. ಯೋಚನೆ ಮಾಡಿ ಹೇಳಿ."

ಅವನ ಕಣ್ಣು ಹೌದು ಅನ್ನಿ ಎಂದು ಬೇಡುತ್ತಿತ್ತು. ಒಂದು ಮಾತು, ಅಷ್ಟೇ. ಹತ್ತು ನಿಮಿಷಕ್ಕೆ ಕಡಲೆಕಾಳು ಎಷ್ಟು ಬೇಯುತ್ತದೆ ಎಂದು ಆ ಹುಡುಗನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

"ಇಲ್ಲಪ್ಪ" ಅಂದೆ. "ಕಡಲೆ ಕಲ್ಲಿನ ಹಾಗಿತ್ತು. ಅಕ್ಕಿ ಹಾಕಿದ ನೀರು ಬಿಸಿ ಕೂಡ ಆಗಿರಲಿಲ್ಲ."

ಅವನು ಐಸಿನ ಚೀಲದ ಮೇಲೆಯೇ ಕೂತುಬಿಟ್ಟ. ತಣ್ಣಗಾಗಿ ಎದ್ದ. "ಥ್ಯಾಂಕ್ಯೂ" ಅಂದ. ಕೋಪದಿಂದಲ್ಲ, ನಿಜವಾಗಿ. ಆಮೇಲೆ, "ಇದನ್ನು ನೀವು ತಿನ್ನಬಹುದು. ನಿಮಗೆ ಯಾವ ಅಡ್ಡಿಯೂ ಇಲ್ಲ" ಎಂದು ಪಾತ್ರೆಗಳ ಕಡೆ ಕೈ ತೋರಿಸಿದ. ಮೂವತ್ತೆರಡು ಜನರ ಸಾಗು, ನಾನೊಬ್ಬಳು!

ಕಾರ್ತಿಕ್‌ಗೆ ಫೋನ್ ಮಾಡಿದೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ. ಇನ್ನು ನಾಲ್ವರು ಕನ್ನಡದ ಹುಡುಗರ ಜೊತೆ ಎದುರು ಕಟ್ಟಡದಲ್ಲಿದ್ದ.

"ಕಾರ್ತಿಕ್, ನಿಮ್ಮನೇಲಿ ಪಾತ್ರೆ ಎಷ್ಟಿದೆ?"

"ಎರಡಿದೆ ಆಂಟಿ. ಒಂದು ತಳ ಹಿಡಿದುಬಿಟ್ಟಿದೆ. ಯಾಕೆ?"

"ಬಕೆಟ್ ಇದ್ರೆ ತೊಳ್ಕೊಂಡು ಬಾ. ಆಲೂ ಚನಾ ಸಾಗು ಇದೆ, ಅನ್ನ ಇದೆ."

ಐದೂ ಜನ ಐದು ನಿಮಿಷದಲ್ಲಿ ಬಂದರು. ರೈಸ್ ಕುಕ್ಕರ್, ಐಸ್ ತುಂಬುವ ಎಸ್ಕಿ ಡಬ್ಬ, ಒಬ್ಬ ಹೂದಾನಿ ಕೂಡ ತಂದಿದ್ದ. ಕಾರ್ತಿಕ್ ಸಾಗು ಮೂಸಿ, "ಸೂಪರಾಗಿದೆಯಲ್ಲ ಆಂಟಿ, ಇದರಲ್ಲಿ ಏನು ಪ್ರಾಬ್ಲಮ್ಮು?" ಅಂದ.

"ನಾನೇ ಪ್ರಾಬ್ಲಮ್ಮು. ತಗೊಂಡು ಹೋಗು, ತಲೆ ತಿನ್ನಬೇಡ."

ಅಷ್ಟರಲ್ಲಿ ಶೈನಾ ಬಂದಳು. ಕೇಳಿ ಮೊದಲು ಅತ್ತಳು. ಹೂದಾನಿಯಲ್ಲಿ ಸಾಗು ಹೋಗುತ್ತಿರುವುದನ್ನು ನೋಡಿ ನಕ್ಕಳು. ಆಮೇಲೆ ಮುಖ ತೊಳೆದು, ಮನೆಯಿಂದ ಬೇರೆ ಪಾತ್ರೆಗಳನ್ನು ತಂದಳು. ಲೇವಿ ಗುಂಪಿಗೆ ಸಂದೇಶ ಹಾಕಿದ. ಅನ್ನ ಮತ್ತು ಸಾಗು ಮತ್ತೆ ಆಗಬೇಕು, ಆಫೀಸಿನಿಂದ ಬೇಗ ತಪ್ಪಿಸಿಕೊಳ್ಳಬಲ್ಲವರು ಬನ್ನಿ, ಯಾಕೆ ಎಂದು ಬಂದಮೇಲೆ ಹೇಳುತ್ತೇನೆ ಎಂದು. ಶುಕ್ರವಾರದ ಆರ್ವೋ, ಅಂದರೆ ಮಧ್ಯಾಹ್ನ, ಅದೂ ಆಸ್ಟ್ರೇಲಿಯಾ, ಆಫೀಸಿನಲ್ಲಿ ಯಾರಿರುತ್ತಾರೆ! ಮೂರೂವರೆಗೆ ಹನ್ನೊಂದು ಜನ ಇಸ್ತ್ರಿ ಬಟ್ಟೆಯಲ್ಲಿ ಬಂದು ನಿಂತರು. ವಕೀಲೆಯೊಬ್ಬಳು ಒಲೆ ಹಚ್ಚಿದಳು. ಹಲ್ಲಿನ ಡಾಕ್ಟರ್ ಆಲೂಗಡ್ಡೆ ಸಿಪ್ಪೆ ತೆಗೆದ, ಆಲೂಗಡ್ಡೆಯೇ ಉಳಿಯದ ಹಾಗೆ. ಡಬ್ಬದ ಕಡಲೆಕಾಳು ತಂದರು. ನಾನು ಕೈ ಕಟ್ಟಿ ಕುರ್ಚಿಯಲ್ಲಿ ಕೂತು, "ಈರುಳ್ಳಿ ಸೀದುಹೋಗ್ತಿದೆ, ತಿರುವಪ್ಪ!" ಎಂದು ಕೂಗುತ್ತಿದ್ದೆ. ಆ ದಿನ ಒಂದು ಸೌಟನ್ನೂ ಮತ್ತೆ ಮುಟ್ಟಬಾರದೆಂದು ಹಠ ಹಿಡಿದಿದ್ದೆ. ಒಳಗೆ ನಾಚಿಕೆ.

ಎಫ್ರಾಯಿಮ್ ನಾಲ್ಕಕ್ಕೆ ಬಂದ, ಡಬ್ಬಿಯ ಜೊತೆ. ಲೇವಿ ಎಲ್ಲರ ಮುಂದೆ ನಡೆದದ್ದನ್ನು ಇದ್ದ ಹಾಗೇ ಹೇಳಿದ. ಮೂರರಲ್ಲಿ ಒಂದು ಪಾಲಿನ ಪ್ರಶ್ನೆಯನ್ನೂ ಬಿಡಲಿಲ್ಲ. ಹೇಳಿ ಮುಗಿದ ಮೇಲೆ ಎಫ್ರಾಯಿಮ್ ನನ್ನ ಕುರ್ಚಿಯ ಹತ್ತಿರ ಬಂದ. ಬಂದೇ ಬಂತು ಬೈಗುಳ ಎಂದುಕೊಂಡೆ.

"ನೀವು ಹಚ್ಚಿದ್ದನ್ನು ಯಾರು ನೋಡಿದರು?"

"ಯಾರೂ ಇಲ್ಲ."

"ಬೆಂದಿತ್ತು ಅಂದಿದ್ದರೆ?"

"ಬೆಂದಿರಲಿಲ್ಲವಲ್ಲಪ್ಪ."

ಅವನು ತಲೆಯಾಡಿಸಿ, ಕೋಟು ಕಳಚಿಟ್ಟು ತಟ್ಟೆ ಜೋಡಿಸಲು ಹೋದ. ನನಗೆ ಏನೂ ಅರ್ಥವಾಗಲಿಲ್ಲ.

ದೀಪ ಹಚ್ಚಿದರು, ಹಾಡಿದರು, ರೊಟ್ಟಿ ಮುರಿದರು. ಮೂವತ್ತೆರಡಲ್ಲ, ಮೂವತ್ತೈದು ಜನ. ಬಡಿಸಲಾದರೂ ಬನ್ನಿ ಎಂದು ಶೈನಾ ನನ್ನನ್ನು ಎಬ್ಬಿಸಿದಳು. ಅವರೇ ಬೇಯಿಸಿದ ಅನ್ನ ಒಂದು ಕೈಯಲ್ಲಿ, ಒಳಗಿನ ಒಲೆಯ ಮೇಲೆ ನನ್ನ ಒಬ್ಬಳ ಕಣ್ಣಿನಲ್ಲಿ ಬೆಂದ ಕ್ಯಾರೆಟ್ ಪಲ್ಯ ಇನ್ನೊಂದು ಕೈಯಲ್ಲಿ. ಎಫ್ರಾಯಿಮ್‌ನ ಹತ್ತಿರಕ್ಕೆ ಬಂದಾಗ ಎಂದಿನಂತೆ ಅವನನ್ನು ದಾಟಿ ಮುಂದೆ ಹೋದೆ.

"ಸರೋಜಾ ಆಂಟಿ, ನನಗೆ?"

ತಿರುಗಿದೆ. ತಟ್ಟೆಯ ಮೇಲೆ ಕೈ ಇರಲಿಲ್ಲ. ತಟ್ಟೆಯನ್ನೇ ಎತ್ತಿ ಹಿಡಿದಿದ್ದ. ಮೇಜು ಇಡೀ ನಮ್ಮನ್ನು ನೋಡುತ್ತಿತ್ತು. ಇವರೆಲ್ಲರ ಕಣ್ಣೆದುರೇ ಬೆಂದದ್ದು ಅದೇ ತಾನೇ ಎಂದು ಅನ್ನದ ಪಾತ್ರೆ ಮುಂದೆ ಮಾಡಿದೆ.

"ಅದಲ್ಲ, ಅದು" ಎಂದು ಕ್ಯಾರೆಟ್ ಪಲ್ಯ ತೋರಿಸಿದ.

"ಇದನ್ನ ಮಧ್ಯಾಹ್ನದಿಂದ ನಾನೊಬ್ಬಳೇ ನೋಡಿಕೊಂಡಿದ್ದು" ಅಂದೆ.

"ಗೊತ್ತು" ಅಂದ. "ಅದಕ್ಕೇ ಕೇಳುತ್ತಿದ್ದೇನೆ."

ಅನ್ನದ ಪಾತ್ರೆ ಮೇಜಿನ ಮೇಲಿಟ್ಟು ಬಡಿಸಿದೆ. ಅವನು ತಿಂದ. ಇನ್ನೊಂದು ಸಲ ತಟ್ಟೆ ಎತ್ತಿದ. ನಾನು ಪಾತ್ರೆ ಹಿಡಿದುಕೊಂಡೇ ಅಡುಗೆಮನೆಗೆ ಓಡಿ, ಅದನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದೆ. ಯಜಮಾನರು ಹೋದಮೇಲೆ ಹಾಗೆ ಅತ್ತಿರಲಿಲ್ಲ. ಕೈ ಸುಟ್ಟುಕೊಂಡೆ ಎಂದುಕೊಂಡು ಶೈನಾ ಗಾಬರಿಯಿಂದ ಓಡಿ ಬಂದಳು.

"ಏನಾಯ್ತು ಆಂಟಿ?"

"ಏನಿಲ್ಲಮ್ಮ" ಅಂದೆ. "ಅವನಿಗೆ ಇನ್ನೊಂದು ಸೌಟು ಬೇಕಂತೆ."